ಗೊತ್ತಿಲ್ಲ ಎನ್ನಬಲ್ಲ ಚಾಲಕ



ನಿಮ್ಮಲ್ಲಿ ಹೆಚ್ಚಿನವರು ಪುಣೆಯಲ್ಲೇ ಹುಟ್ಟಿ, ಪುಣೆಯಲ್ಲೇ ಓದಿ, ಈಗ ಹಿಂಜವಡಿಯಲ್ಲೋ ಬಾಣೇರದಲ್ಲೋ ಮಗರಪಟ್ಟಾದಲ್ಲೋ ಕಂಪ್ಯೂಟರಿನ ಮುಂದೆ ಕುಳಿತವರು. ಇಲ್ಲವೇ ನಾಳೆ ಕೂರಲಿರುವವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷು. ಈ ಸಲ ಕಚೇರಿಯ ವಿಷಯವನ್ನು ಮನೆಯ ಭಾಷೆಯಲ್ಲಿ ಮಾತಾಡೋಣ. ವಿಷಯ ಟೇಪು.

"ಟೇಪೇ? ಅದು ಅಪ್ಪ-ಅಮ್ಮನ ಕಾಲದ್ದಲ್ಲವೇ?" ಎಂದು ನಗಬೇಡಿ. 2011ರ ಫೆಬ್ರವರಿ 27ರಂದು ಜಿಮೇಲ್ ಬಳಸುವ ಕೆಲವರು ಬೆಳಿಗ್ಗೆ ಎದ್ದು ನೋಡಿದರೆ ಅಂಚೆಪೆಟ್ಟಿಗೆ ಖಾಲಿ. ವರ್ಷಗಟ್ಟಲೆ ಬಂದ ಪತ್ರಗಳೆಲ್ಲ ಮಾಯ. ಗೂಗಲ್ ಕಂಪನಿ ಪ್ರತಿ ಪತ್ರದ ಹಲವು ಪ್ರತಿಗಳನ್ನು ಬೇರೆ ಬೇರೆ ಊರುಗಳ ಗಣಕ ಕೇಂದ್ರಗಳಲ್ಲಿ ಇಟ್ಟಿತ್ತು ನಿಜ. ಆದರೆ ತಪ್ಪು ಇದ್ದದ್ದು ಹೊಸ ತಂತ್ರಾಂಶದಲ್ಲಿ. ಅದು ಒಂದಲ್ಲ, ಹಲವು ಪ್ರತಿಗಳನ್ನು ಮುಟ್ಟಿತ್ತು. ಕಂಪನಿಯೇ ಕೊಟ್ಟ ಲೆಕ್ಕದಂತೆ ತೊಂದರೆಗೆ ಸಿಕ್ಕವರು ಬಳಕೆದಾರರಲ್ಲಿ ಶೇಕಡಾ 0.02ರಷ್ಟು ಮಂದಿ. ಅವರ ಪತ್ರಗಳು ಮರಳಿ ಬಂದದ್ದು ಎಲ್ಲಿಂದ? ಟೇಪಿನಿಂದ. ಕಪಾಟಿನಲ್ಲಿ ಸುಮ್ಮನೆ ಕುಳಿತ ಟೇಪಿಗೆ ಯಾವ ತಂತಿಯ ಸಂಪರ್ಕವೂ ಇರುವುದಿಲ್ಲ. ಹೊಸ ತಂತ್ರಾಂಶದ ತಪ್ಪು ಅದನ್ನು ಮುಟ್ಟದು, ದೂರದಲ್ಲಿ ಕುಳಿತ ಕಳ್ಳನ ಕೈಗೂ ಅದು ಎಟುಕದು. ಅದಕ್ಕೇ ದೊಡ್ಡ ಸಂಸ್ಥೆಗಳು ಇಂದಿಗೂ ಟೇಪನ್ನು ಬಿಟ್ಟಿಲ್ಲ. 2000ದಲ್ಲಿ ಬಂದ ಮೊದಲ ಎಲ್‌ಟಿಓ ಟೇಪಿನಲ್ಲಿ 100 ಗಿಗಾಬೈಟ್ ಹಿಡಿಯುತ್ತಿತ್ತು. 2021ರಲ್ಲಿ ಬಂದ ಒಂಬತ್ತನೇ ಪೀಳಿಗೆಯ ಟೇಪು, ಅಂಗೈಯಗಲದ ಅದೇ ಡಬ್ಬಿಯಲ್ಲಿ, 18 ಟೆರಾಬೈಟ್ ಹಿಡಿಯುತ್ತದೆ.

ನಮ್ಮ ಪುಣೆಗೂ ಟೇಪಿಗೂ ಹಳೆಯ ನಂಟಿದೆ. ನಾಶಿಕದ ದಾರಿಯಲ್ಲಿ ನಾರಾಯಣಗಾಂವ ಸಿಗುತ್ತದಲ್ಲ, ಅದರ ಪಕ್ಕದ ಖೋಡದ ಎಂಬ ಹಳ್ಳಿಯಲ್ಲಿ ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ ಕಟ್ಟಿದ ಜಿಎಂಆರ್‌ಟಿ ರೇಡಿಯೋ ದೂರದರ್ಶಕವಿದೆ. 45 ಮೀಟರ್ ವ್ಯಾಸದ 30 ಬೃಹತ್ ಬೋಗುಣಿಗಳು ಆಕಾಶಕ್ಕೆ ಕಿವಿಗೊಟ್ಟು ನಿಂತಿವೆ. 2002ರಿಂದ ಅದು ಪ್ರಪಂಚದ ವಿಜ್ಞಾನಿಗಳಿಗೆಲ್ಲ ಮುಕ್ತ. ಆರಂಭದ ವರ್ಷಗಳಲ್ಲಿ ಇಲ್ಲಿ ವೀಕ್ಷಣೆ ಮುಗಿಸಿದವರು ತಮ್ಮ ಕಚ್ಚಾ ಮಾಹಿತಿಯನ್ನು ಟೇಪುಗಳಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು.

ಆ ಕಚ್ಚಾ ಮಾಹಿತಿಯ ಬೆಲೆ ತಿಳಿಯಲು ಒಂದು ಉದಾಹರಣೆ ಸಾಕು. 2010ರಿಂದ 2012ರವರೆಗೆ ಈ ದೂರದರ್ಶಕವು 150 ಮೆಗಾಹರ್ಟ್ಸ್ ಅಲೆಗಳಲ್ಲಿ ಆಕಾಶದ ಬಹುಭಾಗವನ್ನು ಸಮೀಕ್ಷೆ ಮಾಡಿತು. ಹುಯಿಬ್ ಇಂಟೆಮಾ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಸಂಗ್ರಹದಲ್ಲಿದ್ದ ಅದೇ ಮಾಹಿತಿಯನ್ನು ಹೊಸ ವಿಧಾನದಿಂದ ಸಂಸ್ಕರಿಸಿ, ಸುಮಾರು 6.2 ಲಕ್ಷ ರೇಡಿಯೋ ಆಕರಗಳ ಪಟ್ಟಿಯನ್ನು 2017ರಲ್ಲಿ ಪ್ರಕಟಿಸಿದರು. ಮಾಹಿತಿ ಹಳೆಯದು, ಫಲ ಹೊಸದು. ನಡುವೆ ಆ ಕಚ್ಚಾ ಮಾಹಿತಿ ಹಾಳಾಗಿದ್ದರೆ? ಶಿವಾಜಿನಗರದ ಹವಾಮಾನ ಇಲಾಖೆಯ ಕಚೇರಿಯಲ್ಲಿ 1901ರಿಂದೀಚಿನ ಮಳೆಯ ಲೆಕ್ಕವಿದೆ. ಅದರಲ್ಲಿ ಒಂದು ದಿನದ್ದು ಅಳಿಸಿಹೋದರೆ ಆ ಮಳೆಯನ್ನು ಮತ್ತೆ ಸುರಿಸಿ ಅಳೆಯಲು ಸಾಧ್ಯವೇ?

ಆದ್ದರಿಂದ ಟೇಪಿಗೆ ಬರೆಯುವ ಕೆಲಸ ಗುಮಾಸ್ತಗಿರಿಯ ಕೆಲಸವಲ್ಲ. ಆ ಕೆಲಸದಲ್ಲಿ ಎರಡು ಬಗೆಯ ವಿಪತ್ತುಗಳಿವೆ. ಒಂದು, ಬರೆಯುವಾಗ ತಪ್ಪಾಗುವುದು. ಇನ್ನೊಂದು, ಟೇಪಿನ ಮೇಲೆ ನಾವು ಎಲ್ಲಿದ್ದೇವೆ ಎಂಬುದೇ ಮರೆತುಹೋಗುವುದು. ಮೊದಲನೆಯದು ಜ್ವರದ ಹಾಗೆ: ಕಾಣುತ್ತದೆ, ಮದ್ದು ಮಾಡಬಹುದು. ಎರಡನೆಯದು ಸದ್ದಿಲ್ಲದೆ ಬರುವ ಕಾಯಿಲೆ.

ನಾಲ್ಕು ಕೈಗಳ ದಾಟಾಟ

ಮೊದಲು ಪಾತ್ರಧಾರಿಗಳ ಪರಿಚಯ ಆಗಲಿ. ಟೇಪನ್ನು ಸುತ್ತಿಸಿ ಬರೆಯುವ ಪೆಟ್ಟಿಗೆಗೆ ಡ್ರೈವ್ ಎನ್ನುತ್ತಾರೆ. ಕಂಪ್ಯೂಟರಿನೊಳಗೆ ಕುಳಿತು ಆ ಪೆಟ್ಟಿಗೆಯೊಡನೆ ಮಾತಾಡುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಹೆಸರುಗಳು ಅಣ್ಣತಮ್ಮಂದಿರಂತಿರುವುದರಿಂದ ಗೊಂದಲವಾಗಬಾರದೆಂದು ಎರಡನೆಯದನ್ನು ನಾವು ಚಾಲಕ ಎಂದು ಕರೆಯೋಣ. ಚಾಲಕನ ಮೇಲೆ ಬ್ಯಾಕಪ್ ತಂತ್ರಾಂಶ ಎಂಬ ಯಜಮಾನ ಇರುತ್ತಾನೆ. ಯಾವ ಕಡತ, ಯಾವ ಟೇಪು, ಎಂದು ಬರೆಯಬೇಕು ಎಂಬ ಲೆಕ್ಕವೆಲ್ಲ ಅವನದು.

ಹೀಗೆ ಯಜಮಾನನಿಂದ ಚಾಲಕನಿಗೆ, ಚಾಲಕನಿಂದ ಡ್ರೈವಿಗೆ, ಡ್ರೈವಿನಿಂದ ಟೇಪಿಗೆ ಮಾಹಿತಿ ಕೈಯಿಂದ ಕೈಗೆ ದಾಟುತ್ತದೆ. ಹಳ್ಳಿಯಲ್ಲಿ ಬೆಂಕಿ ಬಿದ್ದಾಗ ಸಾಲಾಗಿ ನಿಂತು ಕೊಡ ದಾಟಿಸುತ್ತಾರಲ್ಲ, ಹಾಗೆ. ದಾಟಿಸಿದವನು "ಆಯಿತೇ?" ಎಂದು ಕೇಳುತ್ತಾನೆ, ಪಡೆದವನು "ಆಯಿತು" ಎನ್ನುತ್ತಾನೆ. ಬ್ಯಾಕಪ್ಪಿನ ಕಥೆಯೆಲ್ಲ ಇರುವುದು ಈ "ಆಯಿತು" ಎಂಬ ಒಂದೇ ಮಾತಿನಲ್ಲಿ. ಆಯಿತು ಎಂದರೆ ಏನಾಯಿತು? ಕೊಡ ಕೈಗೆ ಬಂತು ಎಂದೋ, ನೀರು ಬೆಂಕಿಗೆ ಬಿತ್ತು ಎಂದೋ?

ಟೇಪಿನ ಸ್ವಭಾವವೂ ಗೊತ್ತಿರಬೇಕು. ಒಂಬತ್ತನೇ ಪೀಳಿಗೆಯ ಎಲ್‌ಟಿಓ ಡಬ್ಬಿಯೊಳಗೆ 1035 ಮೀಟರ್ ಉದ್ದದ, ಅರ್ಧ ಇಂಚು ಅಗಲದ, ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಪಟ್ಟಿ ಇದೆ. ಅದರ ಮೇಲೆ 8960 ಜಾಡುಗಳು. ಒಮ್ಮೆಗೆ 32 ಜಾಡುಗಳಲ್ಲಿ ಬರೆಯುವುದರಿಂದ ಪೂರ್ತಿ ತುಂಬಲು ಟೇಪು ಆ ತುದಿಯಿಂದ ಈ ತುದಿಗೆ 280 ಸಲ ಓಡಬೇಕು. ಗುಣಿಸಿ ನೋಡಿ: ಹತ್ತಿರ ಹತ್ತಿರ 290 ಕಿಲೋಮೀಟರ್. ರಜೆಯಲ್ಲಿ ಊರಿಗೆ ಹೊರಟಾಗ ಪುಣೆಯಿಂದ ಕೊಲ್ಹಾಪುರ ದಾಟಿ, ನಮ್ಮ ನಿಪ್ಪಾಣಿಯನ್ನೂ ದಾಟುವಷ್ಟು ದೂರ!

ಈ ದೀರ್ಘ ದಾರಿಯಲ್ಲಿ ಮಾಹಿತಿಯನ್ನು ಬ್ಲಾಕ್ ಎಂಬ ತುಂಡುಗಳಾಗಿ ಒಂದರ ಹಿಂದೆ ಒಂದು ಇಡುತ್ತಾರೆ. ಹೆದ್ದಾರಿಯ ಕಲ್ಲುಗಳಂತೆ ಅವಕ್ಕೆ ಕ್ರಮಸಂಖ್ಯೆ ಇದೆ. ಒಂದು ಅಧ್ಯಾಯ ಮುಗಿದಾಗ ಫೈಲ್‌ಮಾರ್ಕ್ ಎಂಬ ಗುರುತು ಹಾಕುತ್ತಾರೆ. ಗಮನಿಸಬೇಕಾದ ಮಾತೊಂದಿದೆ: ಟೇಪಿನ ನಡುವೆ ಎಲ್ಲಾದರೂ ಹೊಸದಾಗಿ ಬರೆದರೆ, ಬರೆದ ಜಾಗದ ಮುಂದೆ "ಮಾಹಿತಿ ಇಲ್ಲಿಗೆ ಮುಗಿಯಿತು" ಎಂಬ ಗುರುತು ಬೀಳುತ್ತದೆ. ಅದರಾಚೆ ಹಳೆಯದು ಎಷ್ಟೇ ಇದ್ದರೂ ಸಾಮಾನ್ಯ ಕ್ರಮದಲ್ಲಿ ಮತ್ತೆ ಓದಲು ಬಾರದು. ಡಿಸ್ಕಿನಲ್ಲಿ ಒಂದು ಪುಟ ಹರಿದರೆ ಒಂದು ಪುಟ ಹೋಯಿತು. ಟೇಪಿನಲ್ಲಿ ತಪ್ಪು ಪುಟದ ಮೇಲೆ ಬರೆದರೆ ಅಲ್ಲಿಂದ ಮುಂದಿನ ಗ್ರಂಥವೇ ಹೋಯಿತು.

ಬರೆಯುವಾಗಿನ ತಪ್ಪುಗಳು

ಬರೆಯುವಾಗ ಆಗುವ ತಪ್ಪುಗಳೆಲ್ಲ ಒಂದೇ ಜಾತಿಯವಲ್ಲ. ಮೊದಲನೆಯ ಜಾತಿ ನಮ್ಮ ಕಿವಿಗೇ ಬೀಳುವುದಿಲ್ಲ. ಡ್ರೈವಿನಲ್ಲಿ ಬರೆಯುವ ಮೊನೆಯ ಹಿಂದೆಯೇ ಓದುವ ಮೊನೆಯೂ ಇದೆ. ಬರೆದದ್ದನ್ನು ಆ ಕ್ಷಣವೇ ಓದಿ ನೋಡಿ, ಸರಿ ಬಂದಿಲ್ಲವಾದರೆ ಸ್ವಲ್ಪ ಮುಂದೆ ಮತ್ತೆ ಬರೆಯುತ್ತದೆ. ಟೇಪಿನ ಮೇಲೆ ಧೂಳಿನ ಕಣವೋ ಗೀರೋ ಇದ್ದರೆ ಹೀಗೆಯೇ ದಾಟಿಹೋಗುತ್ತದೆ.

ಎಷ್ಟು ಸಲ ಪ್ರಯತ್ನಿಸಿದರೂ ಬರೆಯಲಾಗದಿದ್ದರೆ ಅದು ಎರಡನೆಯ ಜಾತಿ, ಗಟ್ಟಿ ತಪ್ಪು. ಆಗ ಡ್ರೈವು ಕೈಯೆತ್ತಿ ಚಾಲಕನಿಗೆ ವರದಿ ಮಾಡುತ್ತದೆ. ಇಲ್ಲಿ ವೈದ್ಯನ ವಿವೇಕ ಬೇಕು: ಕೆಟ್ಟದ್ದು ಟೇಪೋ ಡ್ರೈವೋ? ಒಂದೇ ಟೇಪು ಬೇರೆ ಬೇರೆ ಡ್ರೈವುಗಳಲ್ಲೂ ತಕರಾರು ಮಾಡಿದರೆ ದೋಷ ಟೇಪಿನದು. ಬೇರೆ ಬೇರೆ ಟೇಪುಗಳು ಒಂದೇ ಡ್ರೈವಿನಲ್ಲಿ ಕೆಡುತ್ತಿದ್ದರೆ ದೋಷ ಡ್ರೈವಿನದು. ಮೊನೆಗಳನ್ನು ಶುಚಿ ಮಾಡುವ ಕ್ಯಾಸೆಟ್ ಹಾಕಿ ನೋಡಬೇಕು. ಇದನ್ನು ತಿಳಿಯಲು ಯಾವ ಟೇಪು, ಯಾವ ಡ್ರೈವು, ಯಾವಾಗ ಎಂಬ ಮೂರನ್ನೂ ಪ್ರತಿ ತಪ್ಪಿನ ಜೊತೆ ಬರೆದಿಡಬೇಕು. ಬರೆದಿಡದಿದ್ದರೆ ಒಳ್ಳೆಯ ಟೇಪುಗಳನ್ನೆಲ್ಲ ಎಸೆದು, ಕೆಟ್ಟ ಡ್ರೈವನ್ನು ಪೂಜಿಸುತ್ತಾ ಕೂರುವ ಪರಿಸ್ಥಿತಿ ಬರುತ್ತದೆ.

ಮೂರನೆಯದು ತಪ್ಪಿನ ವೇಷದಲ್ಲಿ ಬರುವ ಒಂದು ಮುನ್ಸೂಚನೆ. 1953ರಲ್ಲಿ ನಮ್ಮ ಗದಗಿನ ಕಡೆಯ ಭೀಮಸೇನ ಜೋಶಿಯವರು ಗುರುಗಳ ಸ್ಮರಣೆಗಾಗಿ ಪುಣೆಯಲ್ಲಿ ಆರಂಭಿಸಿದ ಸವಾಯಿ ಗಂಧರ್ವ ಮಹೋತ್ಸವ ನಿಮಗೆಲ್ಲ ಗೊತ್ತು. ಅಂಥ ಸಂಗೀತವನ್ನು ರೇಡಿಯೋದಿಂದ ಕ್ಯಾಸೆಟ್ಟಿಗೆ ಇಳಿಸಿಕೊಳ್ಳುತ್ತಿದ್ದ ಮನೆಯ ಹಿರಿಯರನ್ನು ಕೇಳಿ ನೋಡಿ. ತಾನು ರಂಗೇರುವ ಹೊತ್ತಿಗೇ ಕ್ಯಾಸೆಟ್ಟಿನ ಪಕ್ಕ ಮುಗಿಯುತ್ತಿತ್ತು. ಬಲ್ಲವರು ಕಿಟಕಿಯಲ್ಲಿ ಸುರುಳಿ ಸಣ್ಣದಾಗುತ್ತಿರುವುದನ್ನು ನೋಡುತ್ತಿದ್ದು, ಆಲಾಪದ ಬಿಡುವಿನಲ್ಲೇ ತಿರುಗಿಸಿ ಹಾಕುತ್ತಿದ್ದರು. ಕಂಪ್ಯೂಟರಿನ ಟೇಪಿನಲ್ಲೂ ಅಷ್ಟೇ. ಕೊನೆ ಬರುವ ಸ್ವಲ್ಪ ಮೊದಲೇ ಡ್ರೈವು "ಕೊನೆ ಹತ್ತಿರ ಬಂತು" ಎನ್ನುತ್ತದೆ. ಒಳ್ಳೆಯ ಚಾಲಕ ಇದನ್ನು ಸೋಲೆಂದು ತಿಳಿಯುವುದಿಲ್ಲ. ಕೈಯಲ್ಲಿರುವುದನ್ನು ಮುಗಿಸಿ, ಫೈಲ್‌ಮಾರ್ಕ್ ಹಾಕಿ, "ಮುಂದಿನ ಭಾಗ ಇಂಥ ಟೇಪಿನಲ್ಲಿ" ಎಂಬ ಚೀಟಿ ಬರೆಯಲು ಯಜಮಾನನಿಗೆ ಅವಕಾಶ ಕೊಡುತ್ತಾನೆ. ಕೆಟ್ಟ ಚಾಲಕ ಇದನ್ನು ಲೆಕ್ಕಿಸದೆ ಓಡಿಸಿ ನಿಜವಾದ ತುದಿಗೆ ಡಿಕ್ಕಿ ಹೊಡೆಸುತ್ತಾನೆ.

ನಾಲ್ಕನೆಯದೇ ಎಲ್ಲಕ್ಕಿಂತ ಕುತಂತ್ರಿ. ಅದನ್ನು ತಡವಾಗಿ ಬಂದ ತಪ್ಪು ಎನ್ನಬಹುದು. ಟೇಪನ್ನು ಪದೇ ಪದೇ ನಿಲ್ಲಿಸಿ ಓಡಿಸುವುದು ಕಷ್ಟ. ಒಮ್ಮೆ ನಿಂತರೆ ಹಿಂದಕ್ಕೆ ಸರಿದು, ವೇಗ ಪಡೆದು, ಮತ್ತೆ ಅದೇ ಜಾಗಕ್ಕೆ ಬರಬೇಕು. ಅದಕ್ಕೇ ಡ್ರೈವಿನೊಳಗೆ ಬಫರ್ ಎಂಬ ಉಗ್ರಾಣವಿದೆ. ಬಂದ ಬ್ಲಾಕುಗಳನ್ನು ಅಲ್ಲಿ ತುಂಬಿಕೊಂಡು ತಕ್ಷಣ "ಆಯಿತು" ಎಂದುಬಿಡುತ್ತದೆ. ಟೇಪಿಗೆ ಬರೆಯುವುದು ಆಮೇಲೆ. ಅಂಚೆ ಕಚೇರಿಯ ಗುಮಾಸ್ತರು ರಸೀದಿ ಕೊಟ್ಟಂತೆ ಇದು. ರಸೀದಿ ಕೈಗೆ ಬಂದ ಮಾತ್ರಕ್ಕೆ ಪತ್ರ ಹುಬ್ಬಳ್ಳಿ ಮುಟ್ಟಿತೆಂದಲ್ಲ.

ಒಂದು ಸಂದರ್ಭ ಊಹಿಸಿ. ಚಾಲಕ 1001ರಿಂದ 1050ರವರೆಗಿನ ಬ್ಲಾಕುಗಳನ್ನು ಕೊಟ್ಟ. ಐವತ್ತಕ್ಕೂ "ಆಯಿತು" ಎಂಬ ಉತ್ತರ ಬಂತು. ಉಗ್ರಾಣದಿಂದ ಟೇಪಿಗೆ ಇಳಿಸುವಾಗ 1020ನೆಯದು ಕೆಟ್ಟಿತು. ಡ್ರೈವು ಆ ಸುದ್ದಿಯನ್ನು ಹೇಳುವುದು ಯಾವಾಗ? ಚಾಲಕ 1051ನೆಯದನ್ನು ಹಿಡಿದು ಬಂದಾಗ! "ತಪ್ಪಾಗಿದೆ, ಆದರೆ ಇದು ನೀನು ಈಗ ತಂದದ್ದರ ತಪ್ಪಲ್ಲ, ಹಿಂದಿನದು" ಎಂಬ ಗುರುತು ಆ ವರದಿಯಲ್ಲಿ ಇರುತ್ತದೆ. ಸೋಮಾರಿ ಚಾಲಕ ಆ ಗುರುತನ್ನು ಓದದೆ, 1051 ಕೆಟ್ಟಿತೆಂದು ತಿಳಿದು ಅದೊಂದನ್ನೇ ಮತ್ತೆ ಕಳಿಸುತ್ತಾನೆ. ಆ ಸಲ ಬರಹ ಸಾಗಿತೆನ್ನಿ. 1020ರಿಂದ 1050ರವರೆಗಿನ 31 ಬ್ಲಾಕುಗಳು ಎಲ್ಲಿ? ಯಾರಿಗೂ ಗೊತ್ತಿಲ್ಲ. ಬೆಳಿಗ್ಗೆ ವರದಿಯಲ್ಲಿ ಮಾತ್ರ "ಬ್ಯಾಕಪ್ ಯಶಸ್ವಿ" ಎಂದು ಹಸಿರು ಅಕ್ಷರದಲ್ಲಿ ಬಂದಿರುತ್ತದೆ.

ಸರಿಯಾದ ದಾರಿ ಏನು? ತಪ್ಪಿನ ಸುದ್ದಿ ಬಂದೊಡನೆ ಬರೆಯುವುದನ್ನು ನಿಲ್ಲಿಸಿ ಡ್ರೈವನ್ನೇ ಕೇಳುವುದು: "ಈಗ ಎಲ್ಲಿದ್ದೀಯ?" ಇದಕ್ಕೆ ಪ್ರತ್ಯೇಕ ಆಜ್ಞೆಯಿದೆ. ನನ್ನಿಂದ ಪಡೆದದ್ದು ಎಷ್ಟನೆಯ ಬ್ಲಾಕಿನವರೆಗೆ, ಟೇಪಿಗೆ ಇಳಿದದ್ದು ಎಷ್ಟನೆಯದರವರೆಗೆ, ಉಗ್ರಾಣದಲ್ಲೇ ಉಳಿದವು ಎಷ್ಟು ಎಂದು ಡ್ರೈವು ಲೆಕ್ಕ ಒಪ್ಪಿಸುತ್ತದೆ. ಯಜಮಾನನ ಬಳಿ ಉಳಿದ ಬ್ಲಾಕುಗಳ ಪ್ರತಿ ಇನ್ನೂ ಇದ್ದರೆ, ಎಲ್ಲಿ ನಿಂತಿತೋ ಅಲ್ಲಿಂದ ಮುಂದುವರಿಸಬಹುದು. ಪ್ರತಿ ಇಲ್ಲದಿದ್ದರೆ ಕೊನೆಯ ಫೈಲ್‌ಮಾರ್ಕಿನವರೆಗಿನದ್ದನ್ನು ಮಾತ್ರ ನಂಬಿ, ಆ ಅಧ್ಯಾಯವನ್ನು ಬೇರೆ ಟೇಪಿನಲ್ಲಿ ಮೊದಲಿನಿಂದ ಬರೆಯಬೇಕು.

ಫೈಲ್‌ಮಾರ್ಕಿನ ಮಹಿಮೆ ಇರುವುದು ಇಲ್ಲೇ. ಸಾಮಾನ್ಯ ಕ್ರಮದಲ್ಲಿ ಫೈಲ್‌ಮಾರ್ಕ್ ಹಾಕು ಎಂದಾಗ ಡ್ರೈವು ಉಗ್ರಾಣವನ್ನು ಪೂರ್ತಿ ಖಾಲಿ ಮಾಡಿ, ಎಲ್ಲವನ್ನೂ ಟೇಪಿಗೆ ಇಳಿಸಿದ ಮೇಲೆಯೇ "ಆಯಿತು" ಎನ್ನುತ್ತದೆ. ಆ "ಆಯಿತು" ರಸೀದಿಯಲ್ಲ, ಪತ್ರ ಮುಟ್ಟಿತೆಂಬ ಸಹಿ. ಅದು ಬರುವವರೆಗೆ ಮೂಲ ಪ್ರತಿಯನ್ನು ಅಳಿಸಬಾರದು.

ಎಲ್ಲಿದ್ದೇವೆಂಬುದೇ ಮರೆತಾಗ

ಈಗ ಎರಡನೆಯ ವಿಪತ್ತಿಗೆ ಬರೋಣ. ರಾತ್ರಿ ಬಸ್ಸಿನಲ್ಲಿ ಬೆಳಗಾವಿಗೆ ಹೊರಟಿದ್ದೀರಿ. ನಿದ್ದೆ ಬಂತು. ದಡಕ್ಕನೆ ಬಸ್ಸು ನಿಂತಾಗ ಎಚ್ಚರ. ಕತ್ತಲು. ಕರಾಡವೋ, ಕೊಲ್ಹಾಪುರವೋ, ಬೆಳಗಾವಿಯೇ ಬಂತೋ? ಬುದ್ಧಿವಂತರು ಫಲಕ ನೋಡುತ್ತಾರೆ, ಕಂಡಕ್ಟರನ್ನು ಕೇಳುತ್ತಾರೆ. "ಇಷ್ಟು ಹೊತ್ತು ನಿದ್ದೆ ಮಾಡಿದ್ದೇನೆ, ಆದ್ದರಿಂದ ಬೆಳಗಾವಿಯೇ ಇರಬೇಕು" ಎಂದು ಚೀಲ ಹಿಡಿದು ಇಳಿದವರ ಗತಿ ಏನಾಗುತ್ತದೆಂದು ಹೇಳಬೇಕಿಲ್ಲ.

ಟೇಪಿನ ಲೋಕದಲ್ಲಿ ಈ ದಡಕ್ಕನೆ ನಿಲ್ಲುವುದಕ್ಕೆ ರೀಸೆಟ್ ಎಂದು ಹೆಸರು. 1990ರ ದಶಕದಲ್ಲಿ ಒಂದೇ ಕೇಬಲ್ಲಿಗೆ ಡಿಸ್ಕು, ಟೇಪು ಎಲ್ಲವನ್ನೂ ಸಾಲಾಗಿ ಜೋಡಿಸುತ್ತಿದ್ದರು. ಸಾಲಿನ ಒಂದು ಯಂತ್ರ ಮೊಂಡು ಹಿಡಿದರೆ ಕಂಪ್ಯೂಟರು ಇಡೀ ಕೇಬಲ್ಲಿಗೇ ರೀಸೆಟ್ ಕೊಡುತ್ತಿತ್ತು. ಮೊಂಡು ಹಿಡಿದದ್ದು ಡಿಸ್ಕು, ಪೆಟ್ಟು ತಿಂದದ್ದು ಟೇಪು. ಇಂದು ಕೇಬಲ್ಲುಗಳು ಬದಲಾಗಿವೆ. ಆದರೆ ಒಂದೇ ಡ್ರೈವನ್ನು ನಾಲ್ಕಾರು ಕಂಪ್ಯೂಟರುಗಳು ಹಂಚಿಕೊಳ್ಳುವುದರಿಂದ ಅಪಾಯ ಹೋಗಿಲ್ಲ. ಕ್ಷಣಕಾಲ ವಿದ್ಯುತ್ತು ಹೋಗಿ ಬಂದರೂ ಅಷ್ಟೇ.

ರೀಸೆಟ್ ಆದ ಮೇಲೆ ಡ್ರೈವು ಟೇಪನ್ನು ಮೊದಲಿಗೇ ಸುತ್ತಿಕೊಂಡು ಕೂತಿರಬಹುದು. ಯಜಮಾನನ ಪುಸ್ತಕದಲ್ಲಿ ಮಾತ್ರ "ನಾವೀಗ ಐದು ಲಕ್ಷದನೆಯ ಬ್ಲಾಕಿನಲ್ಲಿದ್ದೇವೆ" ಎಂದಿದೆ. ಆತ "ಮುಂದಿನದನ್ನು ಬರೆ" ಎನ್ನುತ್ತಾನೆ. ಚಾಲಕ ಯೋಚಿಸದೆ ಕೊಟ್ಟರೆ ಡ್ರೈವು ನಿಷ್ಠೆಯಿಂದ ಬರೆಯುತ್ತದೆ, ಟೇಪಿನ ಮೊದಲ ಪುಟದ ಮೇಲೆ! ಆ ಒಂದು ಬ್ಲಾಕಿನ ಹಿಂದೆಯೇ "ಮಾಹಿತಿ ಇಲ್ಲಿಗೆ ಮುಗಿಯಿತು" ಎಂಬ ಗುರುತು ಬೀಳುತ್ತದೆ. ಐದು ಲಕ್ಷ ಬ್ಲಾಕುಗಳು ಒಂದೇ ಏಟಿಗೆ ಮಣ್ಣುಪಾಲು. ಇದರಲ್ಲಿ ಎಲ್ಲೂ "ಬರೆಯುವಾಗಿನ ತಪ್ಪು" ಆಗಲೇ ಇಲ್ಲ ಎಂಬುದನ್ನು ಗಮನಿಸಿ. ಪ್ರತಿ ಆಜ್ಞೆಗೂ ಸರಿಯಾಗಿಯೇ "ಆಯಿತು" ಎಂಬ ಉತ್ತರ ಬಂದಿದೆ.

ಇದು ಕಟ್ಟುಕಥೆಯಲ್ಲ. ನೆಟ್‌ಬ್ಯಾಕಪ್ ಎಂಬ ತಂತ್ರಾಂಶದ ಹೆಸರು ನಿಮ್ಮಲ್ಲಿ ಹಲವರಿಗೆ ಗೊತ್ತು. ಅದನ್ನು ನಡೆಸುತ್ತಿದ್ದ ವೆರಿಟಾಸ್ ಕಂಪನಿಗೆ ಪುಣೆಯಲ್ಲಿ ದೊಡ್ಡ ತಾಂತ್ರಿಕ ಕೇಂದ್ರವಿತ್ತು. 2005ರಲ್ಲಿ ಅದು ಸಿಮ್ಯಾಂಟೆಕ್ ಜೊತೆ ಸೇರಿ, 2016ರಲ್ಲಿ ಬೇರೆಯಾಗಿ, 2024ರ ಡಿಸೆಂಬರಿನಲ್ಲಿ ಅದರ ಬ್ಯಾಕಪ್ ವಿಭಾಗ ಕೊಹೆಸಿಟಿ ಕಂಪನಿಯೊಡನೆ ಒಂದಾಯಿತು. ಆ ತಂತ್ರಾಂಶ ನಡೆಸುವವರಿಗೆ 84 ಮತ್ತು 86 ಎಂಬ ಎರಡು ಅಂಕಿಗಳು ಕನಸಿನಲ್ಲೂ ಬರುತ್ತವೆ. 84 ಎಂದರೆ ಬರೆಯುವಾಗಿನ ತಪ್ಪು. 86 ಎಂದರೆ ಸ್ಥಾನದ ತಪ್ಪು. ನಾವು ಮೇಲೆ ಹೇಳಿದ ಎರಡು ವಿಪತ್ತುಗಳಿಗೆ ಅವರು ಕೊಟ್ಟ ನಂಬರುಗಳೇ ಇವು.

ಆ ತಂತ್ರಾಂಶ ತಾನು ಎಷ್ಟು ಬರೆದೆನೆಂಬ ಲೆಕ್ಕವನ್ನೂ ಡ್ರೈವು ಹೇಳುವ ಸ್ಥಾನವನ್ನೂ ತಾಳೆ ನೋಡುತ್ತದೆ. ಎರಡೂ ಹೊಂದದೆ, ಟೇಪು ಮೊದಲಿಗೆ ಸುತ್ತಿಕೊಂಡದ್ದು ಕಂಡುಬಂದರೆ, ಹೊರಗಿನ ಯಾವುದೋ ಘಟನೆಯಿಂದ ಬರೆಯುತ್ತಿರುವಾಗಲೇ ಟೇಪು ಸುತ್ತಿಕೊಂಡಿದೆ, ಇದರ ಮೇಲಿನ ಮಾಹಿತಿಯೆಲ್ಲ ನಷ್ಟವಾಗಿದೆ ಎಂಬರ್ಥದ ವಾಕ್ಯವನ್ನು ದಾಖಲೆಯಲ್ಲಿ ಬರೆದು, ಆ ಟೇಪಿಗೆ ಇನ್ನು ಮುಂದೆ ಬರೆಯದಂತೆ ಸ್ತಂಭನ ಹಾಕುತ್ತದೆ. ಓದಲು ಎದೆ ಝಲ್ಲೆನ್ನುವ ವಾಕ್ಯ. ಆದರೆ ಎಂಥ ಉಪಕಾರಿ ವಾಕ್ಯ! ಅದು ಆ ರಾತ್ರಿಯೇ ಕಂಡರೆ ಮೂಲ ಮಾಹಿತಿ ಇನ್ನೂ ಡಿಸ್ಕಿನಲ್ಲಿರುತ್ತದೆ, ಬೇರೆ ಟೇಪಿಗೆ ಮತ್ತೆ ಬರೆಯಬಹುದು. ಕಾಣದೇ ಹೋದರೆ ಮೂರು ವರ್ಷ ಬಿಟ್ಟು ಬೇಕಾದಾಗ ಗೊತ್ತಾಗುತ್ತದೆ, ಮತ್ತೆ ಬರೆಯಲು ಆಗ ಏನೂ ಉಳಿದಿರುವುದಿಲ್ಲ.

ರೀಸೆಟ್ ಆದದ್ದನ್ನು ಡ್ರೈವು ತಾನಾಗಿ ಹೇಳುವುದಿಲ್ಲವೇ? ಹೇಳುತ್ತದೆ. ಆದರೆ ಒಂದೇ ಸಲ. ರೀಸೆಟ್ಟಿನ ನಂತರ ಬರುವ ಮೊದಲ ಆಜ್ಞೆಗೆ ಕೆಲಸ ಮಾಡದೆ, "ಗಮನಿಸಿ, ನನಗೆ ಏನೋ ಆಗಿದೆ" ಎಂದು ಉತ್ತರಿಸುತ್ತದೆ. ಆಮೇಲೆ ಸುಮ್ಮನಾಗುತ್ತದೆ. ಆ ಮೊದಲ ಆಜ್ಞೆ ಚಾಲಕನದಲ್ಲದೆ, ಅದೇ ಕಂಪ್ಯೂಟರಿನಲ್ಲಿ ಓಡುತ್ತಿದ್ದು ಬೇರೆ ದಾರಿಯಿಂದ ಡ್ರೈವಿನ ಯೋಗಕ್ಷೇಮ ವಿಚಾರಿಸುವ ಇನ್ನೊಂದು ತಂತ್ರಾಂಶದ್ದಾಗಿದ್ದರೆ? ಸುದ್ದಿ ಅದರ ಕಿವಿಗೆ ಬಿದ್ದು ಅಲ್ಲೇ ಸತ್ತುಹೋಗುತ್ತದೆ. ನೆರೆಮನೆಯವರು ಸಹಿ ಮಾಡಿ ಪಡೆದ ತಂತಿ ನಮಗೆ ತಲುಪದೇ ಹೋದಂತೆ.

ಲಿನಕ್ಸ್ ಕಾರ್ಯವ್ಯವಸ್ಥೆಯಲ್ಲಿ ಟೇಪಿನ ಚಾಲಕವನ್ನು 1990ರ ದಶಕದಿಂದ ನೋಡಿಕೊಳ್ಳುತ್ತಿರುವವರು ಕಾಯ್ ಮಾಕಿಸಾರಾ ಎಂಬ ಫಿನ್‌ಲೆಂಡಿನವರು. ಆ ಚಾಲಕದಲ್ಲಿ "ಸ್ಥಾನ ಗೊತ್ತಿಲ್ಲ" ಎಂಬ ಅರ್ಥದ ಪುಟ್ಟ ಬಾವುಟವೊಂದಿದೆ. ರೀಸೆಟ್ ಆಯಿತೆಂದು ತಿಳಿದ ಕೂಡಲೇ ಆ ಬಾವುಟ ಏರುತ್ತದೆ. ಏರಿರುವವರೆಗೆ "ಬರೆ" ಎಂದರೂ "ಓದು" ಎಂದರೂ ಚಾಲಕ ಒಪ್ಪುವುದಿಲ್ಲ, ತಪ್ಪಿನ ಉತ್ತರವನ್ನೇ ಕೊಡುತ್ತದೆ. ಟೇಪನ್ನು ಮೊದಲಿಗೆ ಸುತ್ತು ಎಂಬಂಥ, ಸ್ಥಾನವನ್ನು ಖಚಿತಪಡಿಸುವ ಆಜ್ಞೆ ಬಂದರೆ ಮಾತ್ರ ಬಾವುಟ ಇಳಿಯುತ್ತದೆ. ಇಷ್ಟು ಹಳೆಯ ಚಾಲಕಕ್ಕೂ, ಈ ಬಾವುಟ ಯಾವಾಗ ಏರಬೇಕು, ಬೇರೆಯವರ ಕಿವಿಗೆ ಬಿದ್ದ ಸುದ್ದಿ ಚಾಲಕಕ್ಕೆ ಹೇಗೆ ತಲುಪಬೇಕು ಎಂಬ ವಿಷಯದಲ್ಲಿ ಇತ್ತೀಚಿನ ವರ್ಷಗಳಲ್ಲೂ ತಿದ್ದುಪಡಿಗಳು ನಡೆದಿವೆ. ಮೂವತ್ತು ವರ್ಷ ಸವೆದ ದಾರಿಯಲ್ಲೂ ಕಲ್ಲು ಸಿಗುತ್ತದೆಂದರೆ ಸಮಸ್ಯೆ ಎಷ್ಟು ಸೂಕ್ಷ್ಮ ನೋಡಿ.

ಮೇಲ್ನೋಟಕ್ಕೆ ಆ ಚಾಲಕ ಹಟಮಾರಿ ಎನಿಸುತ್ತದೆ. "ಒಂದು ರೀಸೆಟ್ಟಿಗೆ ರಾತ್ರಿಯ ಇಡೀ ಬ್ಯಾಕಪ್ಪನ್ನೇ ನಿಲ್ಲಿಸಿತಲ್ಲ, ಎಲ್ಲಿದ್ದೆವೆಂದು ಅಂದಾಜು ಮಾಡಿ ಮುಂದುವರಿಯಬಾರದಿತ್ತೇ?" ಎಂದು ಬೈಯುವವರಿದ್ದಾರೆ. ಆದರೆ ಅಂದಾಜು ತಪ್ಪಿದರೆ ಬೆಲೆ ತೆರುವವರು ಯಾರು? ನಿಂತ ಬ್ಯಾಕಪ್ಪಿನಿಂದ ಒಂದು ರಾತ್ರಿ ಹೋಯಿತು. ತಪ್ಪು ಜಾಗದಲ್ಲಿ ಬರೆದ ಬ್ಯಾಕಪ್ಪಿನಿಂದ ಹಿಂದಿನ ರಾತ್ರಿಗಳೆಲ್ಲ ಹೋದವು. ಟೇಪಿನ ಚಾಲಕ ಹೇಳಬಹುದಾದ ಉತ್ತರಗಳು ಮೂರು: ಆಯಿತು, ಆಗಲಿಲ್ಲ, ಗೊತ್ತಿಲ್ಲ. ಮೊದಲಿನೆರಡನ್ನು ಯಾರಾದರೂ ಬರೆಯಬಲ್ಲರು. ಮೂರನೆಯದನ್ನು ಸರಿಯಾದ ಹೊತ್ತಿಗೆ ಹೇಳಲು ಬಂದರೆ ಮಾತ್ರ ಅದು ನಂಬಬಹುದಾದ ಚಾಲಕ.

ನಿಮ್ಮ ಕೈಯಲ್ಲಿರುವುದು

ನಿಮ್ಮಲ್ಲಿ ಯಾರಾದರೂ ಇಂಥ ಕೆಲಸದಲ್ಲಿದ್ದರೆ ಈ ನಾಲ್ಕು ಮಾತು ನೆನಪಿಡಿ. ಡ್ರೈವಿನಿಂದ ಬಂದ ತಪ್ಪಿನ ವರದಿಯನ್ನು ಪೂರ್ತಿ ಓದಿ. ಅದು ಈಗಿನದೋ ಹಿಂದಿನದೋ ನೋಡಿ. ಸ್ಥಾನವನ್ನು ನಿಮ್ಮ ಲೆಕ್ಕದಿಂದ ಊಹಿಸದೆ ಡ್ರೈವನ್ನು ಕೇಳಿ, ಎರಡೂ ತಾಳೆಯಾಗದಿದ್ದರೆ ನಿಲ್ಲಿಸಿ. ಈಚಿನ ಡ್ರೈವುಗಳಲ್ಲಿ ಹಳೆಯ ಬರಹದ ಮೇಲೆ ಬರೆಯಲು ಪ್ರತ್ಯೇಕ ಅಪ್ಪಣೆ ಬೇಡುವ ವ್ಯವಸ್ಥೆಯೂ ಇದೆ, ಅದನ್ನು ಬಳಸಿ. ಕೊನೆಯದಾಗಿ, ಪರೀಕ್ಷೆಯನ್ನು ನಯವಾಗಿ ಮಾಡಬೇಡಿ. ಬೇಡದ ಟೇಪೊಂದನ್ನು ಹಾಕಿ, ಬರೆಯುತ್ತಿರುವಾಗಲೇ ರೀಸೆಟ್ ಕೊಟ್ಟು, ನಿಮ್ಮ ತಂತ್ರಾಂಶ ಏನು ಹೇಳುತ್ತದೆಂದು ನೋಡಿ. "ಯಶಸ್ವಿ" ಎಂದರೆ ಭಯಪಡಿ.

ಆ ಕೆಲಸದಲ್ಲಿಲ್ಲದವರಿಗೂ ಹೇಳುವುದಿದೆ. ನಿಮ್ಮ ಫೋನಿನ ಚಿತ್ರಗಳು "ಮೇಲೆ ಹೋಗಿವೆ" ಎಂದು ತೋರಿಸುವ ಸಣ್ಣ ಗುರುತೂ ಒಂದು "ಆಯಿತು" ತಾನೆ. ಒಮ್ಮೆಯಾದರೂ ಬೇರೊಂದು ಯಂತ್ರದಲ್ಲಿ ಆ ಚಿತ್ರಗಳನ್ನು ತೆರೆದು ನೋಡಿ. ಮರಳಿ ತೆಗೆದು ನೋಡದ ಬ್ಯಾಕಪ್ಪು ಬ್ಯಾಕಪ್ಪಲ್ಲ, ಬರಿಯ ಆಸೆ.

ಮನೆಯ ಅಟ್ಟವನ್ನೂ ಒಮ್ಮೆ ಇಳಿಸಿ. ಎಷ್ಟೋ ಕನ್ನಡ ಮನೆಗಳಲ್ಲಿ ಅಜ್ಜಿಯ ಸೋಬಾನೆ ಪದ, ಅಜ್ಜನ ಮಾತು, ಮುಂಜಿ-ಮದುವೆಗಳ ಗದ್ದಲ ತುಂಬಿದ ಕ್ಯಾಸೆಟ್ಟುಗಳು ಧೂಳು ತಿನ್ನುತ್ತಿವೆ. ಅವುಗಳ ಬೆನ್ನಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಅವನ್ನು ಮುರಿದರೆ ಅದರ ಮೇಲೆ ಮತ್ತೆ ಧ್ವನಿಮುದ್ರಣ ಆಗದು. ಆಟಕ್ಕೆಂದು ಯಾರಾದರೂ ಕೆಂಪು ಗುಂಡಿ ಒತ್ತುವ ಮೊದಲು ಆ ಹಲ್ಲುಗಳನ್ನು ಮುರಿದಿಡಿ. ಬಳಿಕ ಕಂಪ್ಯೂಟರಿಗೆ ಇಳಿಸಿ, ಇಳಿಸಿದ್ದನ್ನು ಕೊನೆಯವರೆಗೂ ಕೇಳಿ ನೋಡಿ. ಆಮೇಲೆ ಇನ್ನೊಂದು ಪ್ರತಿ ಮಾಡಿ, ಅದನ್ನು ಬೇರೊಬ್ಬ ಬಂಧುವಿನ ಮನೆಯಲ್ಲಿಡಿ. ಅಜ್ಜಿ ಹಾಡಿದ್ದು ಒಂದೇ ಸಲ. ಅದರ ಪ್ರತಿ ಸರಿಯಾಗಿದೆಯೋ ಇಲ್ಲವೋ ಎಂಬುದಕ್ಕೆ "ಗೊತ್ತಿಲ್ಲ" ಎಂಬ ಉತ್ತರ ಇಂದು ಬಂದರೆ ಸರಿಪಡಿಸಲು ಇನ್ನೂ ಸಮಯವಿದೆ.

ಯಾರ ಮನೆಯಲ್ಲಿ ಏನು ಸಿಕ್ಕಿತು ಎಂದು ಬರೆದು ತಿಳಿಸಿ. ಕನ್ನಡ ಬರೆಯಲು ಕೈ ತಡೆಯುವುದಾದರೆ ಹೇಗೆ ಬರುತ್ತದೋ ಹಾಗೆ ಬರೆಯಿರಿ, ಓದಲು ನಾವಿದ್ದೇವೆ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.